ಬೇತಿಯಾದ ಸುದ್ದಿ ಕಾನ್ಪುರಕ್ಕೆ ಹೋಗಿತ್ತು

ಕಳೆದ ಸಂಚಿಕೆಯಲ್ಲಿ ಮೋತಿಹಾರಿಯ ಚಹಾದಂಗಡಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗೆ ಒಂದು ಮಾತು: ನಾನು ಧಾರವಾಡದವನು. ಬ್ಯಾಂಕಿನ ಕೆಲಸದ ಮೇಲೆ 1986ರಿಂದ 1989ರವರೆಗೆ ಬಿಹಾರದ ಚಂಪಾರಣ್ ಸೀಮೆಯಲ್ಲಿದ್ದೆ. ಮೋತಿಹಾರಿ, ಬೇತಿಯಾ ಅಲ್ಲಿನ ಎರಡು ಊರು. ಈ ಸಲ ಅಲ್ಲಿನ ಹಿಂದಿ ಪತ್ರಿಕೆಗಳ ಬಗ್ಗೆ ಬಂದ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇನೆ. ಪಿಂಚಣಿ, ಸಾಲದ ಬಡ್ಡಿ ಕೇಳಿದವರು ಸಿಟ್ಟಾಗಬೇಡಿ, ಮುಂದಿನ ತಿಂಗಳು ನಿಮ್ಮ ಸರದಿ.

ಪ್ರ: ನನ್ನ ಮಗನಿಗೆ ಬೇತಿಯಾದಲ್ಲಿ ಕೆಲಸ ಸಿಕ್ಕಿದೆ. ಹಿಂದಿ ರೂಢಿಯಾಗಲಿ ಅಂತ ದಿನಾ ಪತ್ರಿಕೆ ಓದುತ್ತಾನೆ. ಸುದ್ದಿಯ ಮೇಲೆ ಬರೆದವರ ಹೆಸರೇ ಇರುವುದಿಲ್ಲ, 'ಸಂವಾದ್ ಸೂತ್ರ್' ಅಂತ ಇರುತ್ತದಂತೆ. ಯಾರು ಈ ಮನುಷ್ಯ?
— ಒಬ್ಬ ತಾಯಿ, ಹಾವೇರಿ

ಉ: ಅಕ್ಕಾವ್ರೆ, ಅದು ಮನುಷ್ಯನ ಹೆಸರಲ್ಲ, ಅವನು ನಿಂತಿರುವ ಮೆಟ್ಟಿಲು. ಪಗಾರ ತೆಗೆದುಕೊಳ್ಳುವ ವರದಿಗಾರ 'ಸಂವಾದದಾತಾ'. ಜಿಲ್ಲಾ ಕಚೇರಿಯಲ್ಲಿ ಕೂರುವವನು 'ಬ್ಯೂರೋ ಚೀಫ್'. ಸಣ್ಣ ಊರಲ್ಲಿದ್ದುಕೊಂಡು ಸುದ್ದಿಗೆ ಇಷ್ಟು ಅಂತ ಪುಡಿಗಾಸು ಪಡೆಯುವವನು 'ಸಂವಾದ್ ಸೂತ್ರ್'. ನಮ್ಮ ತಾಲ್ಲೂಕುಗಳ ಅರೆಕಾಲಿಕ ವರದಿಗಾರರ ಹಾಗೆಯೇ ಅನ್ನಿ. ಜಿಲ್ಲಾ ಪುಟದ ಮುಕ್ಕಾಲು ಪಾಲು ತುಂಬುವವನು ಅವನೇ, ಹೆಸರು ಮಾತ್ರ ಬರುವುದಿಲ್ಲ.

ನನಗೆ ಅಂಥ ಒಬ್ಬ ಗೆಳೆಯನಿದ್ದ. ಔಷಧಿ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಗುಳಿಗೆ ಮಾರುತ್ತಿದ್ದ. ಮಧ್ಯಾಹ್ನ ಪಟ್ನಾದಿಂದ ಬಸ್ಸಿನ ಮೇಲೆ ಬರುವ ಪತ್ರಿಕೆಯ ಕಟ್ಟು ಇಳಿಸಿಕೊಳ್ಳುತ್ತಿದ್ದ, ಯಾಕೆಂದರೆ ಏಜೆನ್ಸಿಯೂ ಅವನದೇ. ಸಂಜೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಸುದ್ದಿ ಬರೆದು, ಲಕೋಟೆಗೆ ಹಾಕಿ, ಕಂಡಕ್ಟರನ ಕೈಗೆ ಕೊಡುತ್ತಿದ್ದ. ಮೂರು ದಿನ ಬಿಟ್ಟು ಆ ಸುದ್ದಿ ಅಚ್ಚಾಗಿ ಅದೇ ಬಸ್ಸಿನ ನೆತ್ತಿಯ ಮೇಲೆ ವಾಪಸ್ ಬರುತ್ತಿತ್ತು. ದೂರದ ಊರುಗಳಿಗೆ ಅಂತ ಹಿಂದಿನ ಸಂಜೆಯೇ ಮುಗಿಸಿ ಕಳಿಸುವ ಪ್ರತಿಗೆ 'ಡಾಕ್ ಸಂಸ್ಕರಣ್' ಅನ್ನುತ್ತಿದ್ದರು. ನಮಗೆ ಸಿಗುತ್ತಿದ್ದದ್ದು ಅದೇ. ಊರಿನ ಸುದ್ದಿ ಅಷ್ಟರೊಳಗೆ ಹಳಸಿರುತ್ತಿತ್ತು. ಆದರೂ ಚಹಾದಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹಾಳೆ ಹಿಡಿದು ಓದುತ್ತಿದ್ದರು. ನಮ್ಮೂರಿನ ಹೆಸರು ಅಚ್ಚಿನಲ್ಲಿ ಬಂದಿದೆಯಲ್ಲ, ಅದೇ ಖುಷಿ.

ನಿಮ್ಮ ಮಗನಿಗೆ ಕೆಲವು ಪದ ಹೇಳಿಬಿಡುತ್ತೇನೆ. 'ಪ್ರಖಂಡ' ಅಂದರೆ ಬ್ಲಾಕು, ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂಥದ್ದು. 'ಮುಖಿಯಾ' ಅಂದರೆ ಪಂಚಾಯ್ತಿ ಅಧ್ಯಕ್ಷ. 'ರಂಗದಾರಿ' ಅಂದರೆ ಹಫ್ತಾ ವಸೂಲಿ. 'ಸಡಕ್ ಜಾಮ್' ಅಂದರೆ ವಾಹನ ಸಿಕ್ಕಿಕೊಂಡದ್ದಲ್ಲ, ಜನ ಸಿಟ್ಟಿಗೆದ್ದು ರಸ್ತೆ ತಡೆದದ್ದು. ಇನ್ನು ನಮ್ಮ ಪದದ ವೇಷ ಹಾಕಿಕೊಂಡು ಮೋಸ ಮಾಡುವ ಪದಗಳಿವೆ. 'ಶಿಕ್ಷಾ' ಅಂದರೆ ಜೈಲಲ್ಲ, ಓದು. 'ಅವಸರ್' ಅಂದರೆ ಗಡಿಬಿಡಿ ಅಲ್ಲ, ಅವಕಾಶ. 'ಅವಕಾಶ್' ಅಂದರೆ ರಜೆ! ನಾನು ಹೋದ ಮೊದಲ ವಾರ, ಪತ್ರಿಕೆಯಲ್ಲಿ 'ಬ್ಯಾಂಕೋಂ ಮೇಂ ಅವಕಾಶ್' ಅಂತ ಓದಿ, ಓಹೋ ನೇಮಕಾತಿ ಶುರುವಾಯಿತು ಅಂದುಕೊಂಡೆ. ಮರುದಿನ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದೆ.

ಪ್ರ: ಚಂಪಾರಣ್ ಅಂದರೆ ನಮಗೆ ಗೊತ್ತಿರುವುದು ಗಾಂಧಿ ಮತ್ತು ನೀಲಿ ಬೆಳೆ. ಅಲ್ಲಿನ ಪತ್ರಿಕೆಯ ಕಥೆ ಬೇರೆಯೇ ಇದೆ ಅಂತ ಬರೆದು ಅರ್ಧಕ್ಕೇ ಬಿಟ್ಟಿದ್ದೀರಿ. ಪೂರ್ತಿ ಹೇಳಿ.
— ಹೈಸ್ಕೂಲ್ ಮೇಷ್ಟ್ರು, ಬಳ್ಳಾರಿ

ಉ: ಹೇಳುತ್ತೇನೆ ಮೇಷ್ಟ್ರೇ, ಇದು ಒಬ್ಬ ಮೇಷ್ಟ್ರದೇ ಕಥೆ.

ಮೊದಲು ಹೊಲದ ಲೆಕ್ಕ. ಅಲ್ಲಿ ಒಂದು ಬಿಘಾಕ್ಕೆ 20 ಕಠ್ಠಾ. ಅದರಲ್ಲಿ 3 ಕಠ್ಠಾದಲ್ಲಿ ರೈತ ಬಟ್ಟೆಗೆ ಬಣ್ಣ ಹಾಕುವ ನೀಲಿಯನ್ನೇ ಬೆಳೆಯಬೇಕು, ಬೇಕಿರಲಿ ಬೇಡವಾಗಿರಲಿ. ಇದೇ 'ತೀನ್ ಕಠಿಯಾ'. ಭೂಮಿಯ ಬಹುಪಾಲು ಬೇತಿಯಾ ರಾಜಮನೆತನದ ಜಮೀನ್ದಾರಿ. ರಾಜಮನೆತನ ಸಾಲದಲ್ಲಿ ಮುಳುಗಿ ಹಳ್ಳಿಗೆ ಹಳ್ಳಿಯನ್ನೇ ಬಿಳಿ ತೋಟಗಾರರಿಗೆ ಗುತ್ತಿಗೆ ಕೊಟ್ಟಿತ್ತು. 1897ರಲ್ಲಿ ಆಸ್ತಿಯೆಲ್ಲ, ಇಂಥ ಜಮೀನ್ದಾರಿಗಳನ್ನು ನೋಡಿಕೊಳ್ಳುವ ಸರ್ಕಾರದ 'ಕೋರ್ಟ್ ಆಫ್ ವಾರ್ಡ್ಸ್' ಕೈಗೆ ಹೋಯಿತು. ಅದೇ ವರ್ಷ ಜರ್ಮನಿಯ ರಾಸಾಯನಿಕ ನೀಲಿ ಮಾರುಕಟ್ಟೆಗೆ ಬಂತು. ಬೆಲೆ ಬಿತ್ತು. ಹಾಗಾದರೆ ರೈತ ಬಚಾವಾದನೇ? ಇಲ್ಲ. ನೀಲಿ ಬೆಳೆಯೋದು ಬಿಡು, ಆದರೆ ಬಿಟ್ಟಿದ್ದಕ್ಕೆ ದುಡ್ಡು ಕೊಡು ಅಂದರು. ಗೇಣಿ ಏರಿಸಿದರೆ ಅದು 'ಶರಹ್‌ಬೇಶಿ', ಒಂದೇ ಗಂಟಿನಲ್ಲಿ ವಸೂಲು ಮಾಡಿದರೆ 'ತಾವಾನ್'. ನಷ್ಟ ತೋಟಗಾರನದು, ದಂಡ ರೈತನಿಗೆ. ನಾನು ಸಾಲ ವಸೂಲಿಯ ಕೆಲಸದಲ್ಲಿ 30 ವರ್ಷ ಕಳೆದವನು, ಇಷ್ಟು ಜಾಣ ವಸೂಲಿ ನೋಡಿಲ್ಲ.

ಬೇತಿಯಾದಲ್ಲಿ ಪೀರ್ ಮುಹಮ್ಮದ್ ಮೂನಿಸ್ ಅಂತ ಒಬ್ಬ ಶಾಲಾ ಶಿಕ್ಷಕರಿದ್ದರು. ಅವರಿಗೆ ಹಿಂದಿಯ ಹುಚ್ಚು. ರೈತರ ಪಾಡನ್ನು ಬರೆದು ಕಾನ್ಪುರಕ್ಕೆ ಕಳಿಸತೊಡಗಿದರು. ಕಾನ್ಪುರದಲ್ಲಿ ಗಣೇಶ್ ಶಂಕರ್ ವಿದ್ಯಾರ್ಥಿ 1913ರ ನವೆಂಬರಿನಲ್ಲಿ 'ಪ್ರತಾಪ್' ಅನ್ನುವ ವಾರಪತ್ರಿಕೆ ಶುರು ಮಾಡಿದ್ದರು. ಆಗ ಅವರಿಗೆ 23 ವರ್ಷ. ಮೂನಿಸರ ಪತ್ರಗಳು ಅದರಲ್ಲಿ ಅಚ್ಚಾದವು. ಬೇತಿಯಾದಲ್ಲಿ ಮೂನಿಸರ ನೌಕರಿ ಹೋಯಿತು.

ಬೇತಿಯಾದ ಸಂಗತಿ ನೂರಾರು ಮೈಲಿ ದೂರದ ಕಾನ್ಪುರದಲ್ಲಿ ಯಾಕೆ ಅಚ್ಚಾಗಬೇಕಿತ್ತು? ಇಲ್ಲೇ ಇರೋದು ವಿಷಯ. ಬೇತಿಯಾದಲ್ಲಿ ನೀಲಿ ಕೋಠಿಯ, ಅಂದರೆ ನೀಲಿ ಕಾರ್ಖಾನೆಯ, ಸಾಹೇಬ ಒಬ್ಬ ಮೇಷ್ಟ್ರ ಕೆಲಸ ಕಳೆಯಬಲ್ಲ. ಕಾನ್ಪುರದ ಅಚ್ಚುಮನೆಗೆ ಬೀಗ ಹಾಕಿಸುವುದು ಅಷ್ಟು ಸಲೀಸಲ್ಲ. ಜೊತೆಗೆ, ಬೇತಿಯಾದ ಜನಕ್ಕೆ ತೀನ್ ಕಠಿಯಾ ಅಂದರೇನು ಅಂತ ಯಾರೂ ಅಚ್ಚು ಹಾಕಿ ಹೇಳಬೇಕಾಗಿರಲಿಲ್ಲ. ದಿನಾ ಅನುಭವಿಸುತ್ತಿದ್ದರಲ್ಲ. ಗೊತ್ತಾಗಬೇಕಿದ್ದದ್ದು ಹೊರಗಿನವರಿಗೆ.

1916ರ ಡಿಸೆಂಬರಿನಲ್ಲಿ ಲಖನೌ ಕಾಂಗ್ರೆಸ್ ನಡೆಯಿತು. ಚಂಪಾರಣಿನ ರೈತ ರಾಜ್‌ಕುಮಾರ್ ಶುಕ್ಲ ಅಲ್ಲಿಗೆ ಹೋಗಿ ಗಾಂಧಿಯ ಬೆನ್ನು ಹತ್ತಿದರು. ಅಲ್ಲಿಯವರೆಗೆ ಚಂಪಾರಣ್ ಎಲ್ಲಿದೆ ಅನ್ನೋದಿರಲಿ, ಆ ಹೆಸರೂ ತನಗೆ ಗೊತ್ತಿರಲಿಲ್ಲ ಅಂತ ಗಾಂಧಿಯೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ನೋಡಿ, ಗಾಂಧಿಗಿಂತ ಮೊದಲೇ 'ಪ್ರತಾಪ್' ಓದುವ ಗುಮಾಸ್ತನಿಗೆ ಆ ಹೆಸರು ಗೊತ್ತಿತ್ತು! ಲಖನೌನಿಂದ ಗಾಂಧಿ ಕಾನ್ಪುರಕ್ಕೆ ಹೋದರು. ಶುಕ್ಲರು ಅಲ್ಲೂ ಹಾಜರ್. ಚಂಪಾರಣ್ ಇಲ್ಲೇ ಹತ್ತಿರ, ಒಂದು ದಿನ ಬಂದು ಹೋಗಿ ಅಂದರಂತೆ. ಎಲ್ಲಿಯ ಹತ್ತಿರ! ನಮ್ಮ ಹಳ್ಳಿಯವರು 'ಇಲ್ಲೇ ಗುಡ್ಡದ ಹಿಂದೆ' ಅಂತ ಮೂರು ಹರದಾರಿ ನಡೆಸುತ್ತಾರಲ್ಲ, ಹಾಗೆ. ಆಮೇಲೆ ಶುಕ್ಲರು ಗಾಂಧಿಗೆ ಕಳಿಸಿದ ಪತ್ರವನ್ನು ಬರೆದುಕೊಟ್ಟದ್ದೂ ಮೂನಿಸರೇ ಅಂತ ಬೇತಿಯಾದ ಜನ ಹೇಳುತ್ತಾರೆ.

1917ರ ಏಪ್ರಿಲ್ 15ಕ್ಕೆ ಗಾಂಧಿ ಮೋತಿಹಾರಿ ಮುಟ್ಟಿದರು. ಮರುದಿನ ಆನೆಯ ಮೇಲೆ ಒಂದು ಹಳ್ಳಿಗೆ ಹೊರಟಿದ್ದಾಗ ಜಿಲ್ಲೆ ಬಿಟ್ಟು ಹೋಗಿ ಅನ್ನುವ ನೋಟಿಸು ಬಂತು. 18ರಂದು ಕೋರ್ಟಿನಲ್ಲಿ, ಹೌದು ನಾನು ಆಜ್ಞೆ ಮೀರಿದ್ದೇನೆ ಅಂತ ಒಪ್ಪಿಕೊಂಡರು. ಕೆಲವೇ ದಿನದಲ್ಲಿ ಸರ್ಕಾರ ಕೇಸು ಹಿಂದಕ್ಕೆ ತೆಗೆದುಕೊಂಡಿತು. ತನಿಖಾ ಸಮಿತಿ ಕೂತಿತು, ವಸೂಲು ಮಾಡಿದ ತಾವಾನಿನಲ್ಲಿ ನೂರಕ್ಕೆ 25 ರೈತರಿಗೆ ವಾಪಸ್ ಅಂತ ಆಯಿತು, 1918ರ ಕಾಯ್ದೆಯಲ್ಲಿ ತೀನ್ ಕಠಿಯಾ ರದ್ದಾಯಿತು. ಇದೆಲ್ಲ ನಿಮ್ಮ ಪಠ್ಯದಲ್ಲೇ ಇರುತ್ತದೆ. ಮೂನಿಸ್ ಇರುವುದಿಲ್ಲ.

ವಿದ್ಯಾರ್ಥಿಯವರ ಗತಿ ಏನಾಯಿತು ಅಂತಲೂ ಕೇಳಿಸಿಕೊಳ್ಳಿ. 1921ರ ಜನವರಿಯಲ್ಲಿ ರಾಯ್‌ಬರೇಲಿಯ ಮುನ್ಶಿಗಂಜ್‌ನಲ್ಲಿ ರೈತರ ಮೇಲೆ ಗುಂಡು ಹಾರಿತು. 'ಪ್ರತಾಪ್' ಬರೆಯಿತು. ಅಲ್ಲಿನ ತಾಲ್ಲೂಕ್ದಾರ, ಅಂದರೆ ದೊಡ್ಡ ಜಮೀನ್ದಾರ, ಮಾನನಷ್ಟದ ದಾವೆ ಹಾಕಿದ. ವಿದ್ಯಾರ್ಥಿ ಜೈಲಿಗೆ ಹೋದರು. ಭಗತ್ ಸಿಂಗ್ ಬಲವಂತ್ ಅನ್ನುವ ಹೆಸರಿನಲ್ಲಿ ಕೆಲ ಕಾಲ ಕೆಲಸ ಮಾಡಿದ್ದು ಇದೇ ಪತ್ರಿಕೆಯಲ್ಲಿ. ಆ ಭಗತ್ ಸಿಂಗ್‌ಗೆ ಗಲ್ಲಾದ ಎರಡೇ ದಿನಕ್ಕೆ, 1931ರ ಮಾರ್ಚ್ 25ರಂದು, ಕಾನ್ಪುರದ ಗಲಭೆಯಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ಹೋದ ವಿದ್ಯಾರ್ಥಿ ಕೊಲೆಯಾದರು.

ಪ್ರ: ಗಾಂಧಿ ಚಂಪಾರಣಿಗೆ ಪತ್ರಕರ್ತರು ಬರಬೇಡಿ ಅಂದಿದ್ದರಂತೆ. ಸ್ವತಃ ಪತ್ರಿಕೆ ನಡೆಸಿದವರು ಹೀಗೆ ಹೇಳಬಹುದಾ?
— ನಿವೃತ್ತ ಗ್ರಂಥಪಾಲಕ, ಬೆಳಗಾವಿ

ಉ: ಹೇಳಿದ್ದು ನಿಜ. ದೊಡ್ಡ ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆದು, ವರದಿಗಾರರನ್ನು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ, ಬೇಕಾದ್ದನ್ನು ನಾನೇ ತಿಳಿಸುತ್ತೇನೆ ಅಂದಿದ್ದರು. ಬಣ್ಣ ಹಚ್ಚಿದ ಒಂದು ವರದಿ ಬಂದರೂ ತೋಟಗಾರರ ಸಿಟ್ಟು ರೈತನ ಬೆನ್ನಿನ ಮೇಲೆ ಇಳಿಯುತ್ತದೆ ಅನ್ನುವುದು ಅವರ ಭಯ. ಕಾಂಗ್ರೆಸ್ಸಿನ ಹೆಸರನ್ನೂ ಎತ್ತಲಿಲ್ಲ. ಬದಲಿಗೆ ಏನು ಮಾಡಿದರು? ರಾಜೇಂದ್ರ ಪ್ರಸಾದ್, ಬ್ರಜಕಿಶೋರ್ ಪ್ರಸಾದರಂಥ ವಕೀಲರನ್ನು ಗುಮಾಸ್ತರ ಹಾಗೆ ಕೂರಿಸಿ, ರೈತರ ಹೇಳಿಕೆ ಬರೆಸಿದರು. 8 ಸಾವಿರಕ್ಕೂ ಜಾಸ್ತಿ ಹೇಳಿಕೆ. ಒಬ್ಬೊಬ್ಬನಿಗೂ ಅಡ್ಡ ಪ್ರಶ್ನೆ ಹಾಕಿ, ಸುಳ್ಳು ಅನಿಸಿದ್ದನ್ನು ಬಿಟ್ಟು, ಆಮೇಲೆ ಬರೆದುಕೊಳ್ಳುವುದು. ಕೋಣೆಯಲ್ಲಿ ಗುಪ್ತ ಪೊಲೀಸಿನವನೂ ಕೂತಿರುತ್ತಿದ್ದ, ಕೂತುಕೋ ಅಂದರು.

ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಬಾಗಿಲು ತಟ್ಟುವ ಕೆಲಸ ಪತ್ರಿಕೆ ಮುಗಿಸಿತ್ತು. ಇನ್ನು ಒಳಗೆ ಹೋಗಿ ಲೆಕ್ಕ ನೋಡಬೇಕಿತ್ತು. ಆದರೆ ಮೂನಿಸರಿಗೆ ಒಳಗೊಳಗೇ ಏನನಿಸಿತೋ ಅಂತ ಆಗಾಗ ಯೋಚಿಸುತ್ತೇನೆ. ನೌಕರಿ ಕಳೆದುಕೊಂಡು ಬರೆದವನಿಗೆ ಈಗ ಬರೆಯಬೇಡ ಅಂದ ಹಾಗೆ ಅಲ್ವಾ?

ನೀವು ಬೆಳಗಾವಿಯವರು ಅಂತ ಇನ್ನೊಂದು ಮಾತು. ಕೇಸು ಮುಗಿದ ಮೇಲೆ ಗಾಂಧಿ ಅಲ್ಲಿ ಶಾಲೆ ತೆರೆದರು. ಸ್ಥಳೀಯ ಶಿಕ್ಷಕರು ಸಿಗಲಿಲ್ಲ. ನಿಮ್ಮ ಗಂಗಾಧರರಾವ್ ದೇಶಪಾಂಡೆ ಇಬ್ಬರನ್ನು ಕಳಿಸಿಕೊಟ್ಟರು: ಬಾಬಾಸಾಹೇಬ ಸೋಮಣ ಮತ್ತು ಪುಂಡಲೀಕ. ಭಿತಿಹರ್ವಾದಲ್ಲಿ ಬಿದಿರು, ಹುಲ್ಲಿನ ಶಾಲೆ. ಕಸ್ತೂರಬಾ ಅಲ್ಲೇ ಇದ್ದರು. ಒಂದು ರಾತ್ರಿ ಗುಡಿಸಲಿಗೆ ಬೆಂಕಿ ಬಿತ್ತು. ಸೋಮಣ ಊರವರನ್ನು ಸೇರಿಸಿಕೊಂಡು ಇಟ್ಟಿಗೆಯ ಕಟ್ಟಡವನ್ನೇ ಎಬ್ಬಿಸಿದರು. ನಾನು ಅಲ್ಲಿಗೆ ಹೋದಾಗ ಕಾವಲಿಗಿದ್ದ ಮುದುಕನಿಗೆ 'ನಾನೂ ಅದೇ ಕಡೆಯವನು' ಅಂದೆ. 'ಹಾಗಾದರೆ ಕೂತುಕೊಳ್ಳಿ' ಅಂತ ಒಂದು ಲೋಟ ನೀರು ಕೊಟ್ಟ.

ಪ್ರ: ಹಿಂದಿಯ ಮೊದಲ ಪತ್ರಿಕೆ ಹೊರಟದ್ದು ಎಲ್ಲಿ? ಕಾನ್ಪುರದಲ್ಲೋ ಕಾಶಿಯಲ್ಲೋ?
— ಪಿಯುಸಿ ವಿದ್ಯಾರ್ಥಿ, ಮಂಡ್ಯ

ಉ: ಎರಡೂ ಅಲ್ಲ, ಕಲ್ಕತ್ತಾದಲ್ಲಿ! 1826ರ ಮೇ 30ರಂದು, 'ಉದಂತ ಮಾರ್ತಂಡ'. ಹೊರಡಿಸಿದ ಜುಗಲ್ ಕಿಶೋರ್ ಶುಕ್ಲ ಮೂಲತಃ ಕಾನ್ಪುರದವರು. ಓದುವವರೆಲ್ಲ ದೂರದ ಹಿಂದಿ ಸೀಮೆಯಲ್ಲಿ, ಅಂಚೆ ಖರ್ಚಿನಲ್ಲಿ ರಿಯಾಯಿತಿ ಸಿಗಲಿಲ್ಲ, ಒಂದೂವರೆ ವರ್ಷಕ್ಕೆ ನಿಂತಿತು. ನಮ್ಮ 'ಮಂಗಳೂರು ಸಮಾಚಾರ' 1843ರ ಜುಲೈ 1ರದ್ದು. ಅದೂ ಮಂಗಳೂರಿನಿಂದ ಬಳ್ಳಾರಿಗೆ ಗಂಟುಮೂಟೆ ಕಟ್ಟಿ ಹೋಗಿ ಜಾಸ್ತಿ ದಿನ ಬದುಕಲಿಲ್ಲ.

ಪ್ರ: ಈಗ ಹಿಂದಿ ಪತ್ರಿಕೆಗಳು ಪ್ರತಿ ಜಿಲ್ಲೆಗೂ ಪ್ರತ್ಯೇಕ ಪುಟ ಕೊಡುತ್ತವೆ. ನಮ್ಮ ಕನ್ನಡದಲ್ಲೂ ಹಾಗೇ. ಇದರಿಂದ ಹಳ್ಳಿಯ ದನಿ ಗಟ್ಟಿಯಾಗಿದೆ ಅಂತ ನನ್ನ ಅಭಿಪ್ರಾಯ. ನಿಮ್ಮದು?
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಶಿವಮೊಗ್ಗ

ಉ: ಅರ್ಧ ಒಪ್ಪುತ್ತೇನೆ ತಂಗಿ.

ನಾನಿದ್ದಾಗ ಓದುತ್ತಿದ್ದದ್ದು ಪಟ್ನಾದ ಪತ್ರಿಕೆಗಳನ್ನು. ದರ್ಭಂಗಾ ಮಹಾರಾಜರ ಮನೆತನದ 'ಆರ್ಯಾವರ್ತ' ಇತ್ತು. 'ಪ್ರದೀಪ್' ಅನ್ನುವುದು 1986ರಲ್ಲಿ 'ಹಿಂದುಸ್ತಾನ್' ಆಗಿ ಹೊಸ ಅಂಗಿ ತೊಟ್ಟಿತ್ತು. ಇಡೀ ರಾಜ್ಯಕ್ಕೆ ಒಂದೇ ಆವೃತ್ತಿ. ಚಂಪಾರಣಿಗೆ ಸಿಗುತ್ತಿದ್ದದ್ದು ಮೂಲೆಯಲ್ಲಿ ಎರಡು ಬೆರಳು ಜಾಗ. ಆಮೇಲೆ ಎಲ್ಲ ಬದಲಾಯಿತು. 1942ರಲ್ಲಿ ಝಾನ್ಸಿಯಲ್ಲಿ ಹುಟ್ಟಿ 1947ರಲ್ಲಿ ಕಾನ್ಪುರಕ್ಕೆ ಬಂದಿದ್ದ 'ದೈನಿಕ್ ಜಾಗರಣ್' ಬಿಹಾರಕ್ಕೂ ಬಂತು, ರಾಂಚಿಯಿಂದ 'ಪ್ರಭಾತ್ ಖಬರ್' ಬಂತು. ಮುಜಫ್ಫರ್‌ಪುರದಲ್ಲೇ ಅಚ್ಚು ಶುರುವಾಯಿತು. ಮೋತಿಹಾರಿಗೆ ಬೇರೆ ಪುಟ, ಬೇತಿಯಾಕ್ಕೆ ಬೇರೆ ಪುಟ. ಈಗ ಚರಂಡಿ, ಹ್ಯಾಂಡ್‌ಪಂಪು, ಶಾಲೆಯ ಬಿಸಿಯೂಟ, ಮುಖಿಯಾನ ಜಗಳ, ಎಲ್ಲ ಬರುತ್ತದೆ. ಹೆಂಗಸರು ರೇಷನ್ ಅಂಗಡಿಯ ಮುಂದೆ ಕೂತ ಫೋಟೋ ಬರುತ್ತದೆ. ಇದನ್ನು ನಾನು ಕಡಿಮೆ ಅಂತ ಅನ್ನುವುದಿಲ್ಲ. ಬಿಡಿಓ ಸಾಹೇಬ, ಅಂದರೆ ಬ್ಲಾಕಿನ ಅಧಿಕಾರಿ, ಬೆಳಿಗ್ಗೆ ಎದ್ದು ಮೊದಲು ನೋಡುವುದು ಆ ಪುಟವನ್ನೇ.

ಇನ್ನರ್ಧ ಕೇಳಿ. ಮೋತಿಹಾರಿಗೂ ಬೇತಿಯಾಕ್ಕೂ ನಡುವೆ ಸುಮಾರು 50 ಕಿಲೋಮೀಟರ್. 1970ರ ದಶಕದ ಶುರುವಿನವರೆಗೆ ಎರಡೂ ಒಂದೇ ಜಿಲ್ಲೆ. ಈಗ ಬೇತಿಯಾದ ಪುಟದಲ್ಲಿ ಬಂದದ್ದನ್ನು ಮೋತಿಹಾರಿಯ ಓದುಗ ನೋಡುವುದಿಲ್ಲ. ಪಟ್ನಾದ ಮಂತ್ರಿ ನೋಡುವ ಪ್ರತಿಯಲ್ಲಂತೂ ಅದು ಇರುವುದೇ ಇಲ್ಲ. ಸುದ್ದಿ ಜಾಸ್ತಿ ಆಯಿತು, ಅದು ನಡೆಯುವ ದೂರ ಕಡಿಮೆಯಾಯಿತು. ಮೂನಿಸ್ ಇವತ್ತು ಬರೆದಿದ್ದರೆ ಅವರ ಬರಹ ಬೇತಿಯಾ ಪುಟದಲ್ಲಿ, ಬೇತಿಯಾದವರಿಗೇ, ತೀನ್ ಕಠಿಯಾ ಅಂದರೇನು ಅಂತ ವಿವರಿಸುತ್ತಿತ್ತು. ಕೆಳಗೆ ಕೋಠಿಯ ಸಾಹೇಬನ ಹಬ್ಬದ ಶುಭಾಶಯದ ಜಾಹೀರಾತೂ ಇರುತ್ತಿತ್ತೇನೋ.

ಜಾಹೀರಾತಿನ ಮಾತು ಸುಮ್ನೆ ಹೇಳುತ್ತಿಲ್ಲ. ಆಗಸ್ಟ್ 15, ಜನವರಿ 26 ಬಂತೆಂದರೆ ಸುದ್ದಿ ಬರೆಯುವವನೇ ರಸೀದಿ ಪುಸ್ತಕ ಹಿಡಿದು ಬರುತ್ತಾನೆ. ಮುಖಿಯಾ, ಗುತ್ತಿಗೆದಾರ, ಕೋಚಿಂಗ್ ಕ್ಲಾಸು, ಎಲ್ಲರಿಂದಲೂ ಶುಭಾಶಯದ ಚೌಕ. ಒಂದು ವರ್ಷ ನಮ್ಮ ಶಾಖೆಯಿಂದ ಕೊಡಲು ಮೇಲಿನಿಂದ ಅನುಮತಿ ಬರಲಿಲ್ಲ. ಎರಡು ವಾರದಲ್ಲಿ ಒಂದು ಪತ್ರಿಕೆಯಲ್ಲಿ, ನಮ್ಮ ಬ್ಯಾಂಕಿನಲ್ಲಿ ನಗದು ಖಾಲಿ, ಗ್ರಾಹಕರ ಪರದಾಟ ಅಂತ ಬಂತು. ಬೆಳಿಗ್ಗೆ ಹತ್ತಕ್ಕೆ ಬಾಗಿಲ ಮುಂದೆ ಜಾತ್ರೆ. ನಾನೇ ತಿಜೋರಿಯಿಂದ ನೋಟಿನ ಕಟ್ಟು ತೆಗೆದು ಕೌಂಟರಿನ ಮೇಲೆ ಕಾಣುವ ಹಾಗೆ ಇಡಿಸಿದೆ. ಬರೆದವನನ್ನು ಕರೆಸಿ ಕೇಳಿದರೆ, 'ಸಾಹೇಬ್, ನೀವು ನಮ್ಮನ್ನು ನೆನೆಸಿಕೊಂಡಿರಲಿಲ್ಲ, ನಾವು ನಿಮ್ಮನ್ನು ನೆನೆಸಿಕೊಂಡೆವು' ಅಂದ. ಸಿಟ್ಟು ಬಂತು. ಆಮೇಲೆ ಅವನ ತಿಂಗಳ ಗಳಿಕೆ ಎಷ್ಟು ಅಂತ ಕೇಳಿ ಸಿಟ್ಟು ಇಳಿಯಿತು. ಪಗಾರ ಕೊಡದೆ ಕಮಿಷನ್ ಕೊಟ್ಟು ಸುದ್ದಿ ಬರೆಸಿದರೆ ಇನ್ನೇನಾಗುತ್ತದೆ? 2009ರ ಚುನಾವಣೆಯಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬಯಲಾಯಿತು. ಅಭ್ಯರ್ಥಿಗಳಿಂದ ದುಡ್ಡು ಪಡೆದು ಸುದ್ದಿಯ ವೇಷದಲ್ಲಿ ಜಾಹೀರಾತು ಹಾಕಿದ್ದನ್ನು ಮುಂದಿನ ವರ್ಷ ಪ್ರೆಸ್ ಕೌನ್ಸಿಲಿನ ಇಬ್ಬರು ಸದಸ್ಯರ ಉಪಸಮಿತಿ ವಿವರವಾಗಿ ಬರೆದಿಟ್ಟಿದೆ. ಹಿಂದಿ ಪತ್ರಿಕೆಗಳಷ್ಟೇ ಅಲ್ಲ, ಹಲವು ಭಾಷೆಗಳ ಕಥೆ ಅದು.

ಇನ್ನೊಂದು ಘಟನೆ ಹೇಳಿ ಈ ಪ್ರಶ್ನೆ ಬಿಡುತ್ತೇನೆ. 2017ರ ಏಪ್ರಿಲ್ 10. ಗಾಂಧಿ ಬಿಹಾರಕ್ಕೆ ಕಾಲಿಟ್ಟು ಅವತ್ತಿಗೆ 100 ವರ್ಷ. ಎಲ್ಲೆಲ್ಲೂ ಸಮಾರಂಭ. ಅವತ್ತೇ ಮೋತಿಹಾರಿಯಲ್ಲಿ, ಮುಚ್ಚಿಹೋಗಿದ್ದ ಸಕ್ಕರೆ ಕಾರ್ಖಾನೆಯ ಇಬ್ಬರು ಕಾರ್ಮಿಕರು ಬಾಕಿ ಸಂಬಳ ಕೇಳುತ್ತ ಮೈಗೆ ಬೆಂಕಿ ಹಚ್ಚಿಕೊಂಡರು. ಇಬ್ಬರೂ ಉಳಿಯಲಿಲ್ಲ. ಕಾರ್ಖಾನೆ ಮುಚ್ಚಿ ವರ್ಷಗಳೇ ಆಗಿದ್ದವು. ಧಾರವಾಡದಲ್ಲಿ ಕೂತ ನನಗೆ ಆ ಕಾರ್ಖಾನೆಯ ಸುದ್ದಿ ಮುಟ್ಟಿದ್ದು ಬೆಂಕಿ ಹತ್ತಿದ ಮೇಲೆ.

ಪ್ರ: ಹಾಗಾದರೆ ಈಚಿನ ಕಾಲದಲ್ಲಿ ಜಿಲ್ಲೆಯ ಸುದ್ದಿ ರಾಜಧಾನಿ ಅಲುಗಾಡಿಸಿದ್ದೇ ಇಲ್ಲವಾ?
— ವಕೀಲರು, ಕಲಬುರಗಿ

ಉ: ಯಾಕಿಲ್ಲ? ಚಾಯ್‌ಬಾಸಾ ಇದೆಯಲ್ಲ, ಈಗ ಝಾರ್ಖಂಡ್, ಆಗ ಬಿಹಾರ. 1996ರ ಜನವರಿಯಲ್ಲಿ ಜಿಲ್ಲಾಧಿಕಾರಿ ಅಮಿತ್ ಖರೆ ಪಶುಸಂಗೋಪನಾ ಇಲಾಖೆಯ ಕಚೇರಿಯ ಮೇಲೆ ದಾಳಿ ಮಾಡಿದರು. ದನ ಇಲ್ಲದ ಕಡೆ ಮೇವಿನ ಬಿಲ್ಲು, ಖಜಾನೆಯಿಂದ ಕೋಟಿಗಟ್ಟಲೆ ಹಣ. ರಾಂಚಿಯ 'ಪ್ರಭಾತ್ ಖಬರ್' ಅದರ ಬೆನ್ನು ಬಿಡಲಿಲ್ಲ. 1997ರ ಜುಲೈಯಲ್ಲಿ ಮುಖ್ಯಮಂತ್ರಿ ಲಾಲೂ ಪ್ರಸಾದ್ ರಾಜೀನಾಮೆ ಕೊಟ್ಟು ಹೆಂಡತಿ ರಾಬ್ಡಿ ದೇವಿಯನ್ನು ಕುರ್ಚಿಯಲ್ಲಿ ಕೂರಿಸಬೇಕಾಯಿತು. ಅದಕ್ಕೂ ಮುಂಚೆ, 1982ರಲ್ಲಿ, ಜಗನ್ನಾಥ್ ಮಿಶ್ರಾ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಲು ಒಂದು ಮಸೂದೆ ತಂದಿತ್ತು. ದೇಶದ ತುಂಬ ಪತ್ರಕರ್ತರು ಬೀದಿಗಿಳಿದರು, ಮರು ವರ್ಷ ಅದು ವಾಪಸ್ ಹೋಯಿತು. ನಮ್ಮ ಔಷಧಿ ಅಂಗಡಿಯ ಗೆಳೆಯ ಆಗ ಒಂದು ದಿನ ಅಂಗಡಿ ಮುಚ್ಚಿದ್ದನಂತೆ. ಅದನ್ನು ನಾಲ್ಕು ವರ್ಷದ ಮೇಲೂ ಹೇಳಿಕೊಂಡು ಓಡಾಡುತ್ತಿದ್ದ.

ಪ್ರ: ನಿಜ ಹೇಳಿ, ಅಲ್ಲಿ ಹೆದರಿಕೆ ಆಗುತ್ತಿರಲಿಲ್ಲವೇ?
— ಗೃಹಿಣಿ, ಗದಗ

ಉ: ಆಗುತ್ತಿತ್ತು. ಪಶ್ಚಿಮ ಚಂಪಾರಣನ್ನು ಆಗ 'ಮಿನಿ ಚಂಬಲ್' ಅನ್ನುತ್ತಿದ್ದರು. 'ಅಪಹರಣ್' ಅನ್ನುವ ಪದ ಪತ್ರಿಕೆಯಲ್ಲಿ ಇಲ್ಲದ ದಿನ ಇರಲಿಲ್ಲ. ಕತ್ತಲಾದ ಮೇಲೆ ಜೀಪು ಹೊರಗೆ ತೆಗೆಯುತ್ತಿರಲಿಲ್ಲ. ಆದರೆ ನನಗಿಂತ ಹೆದರಬೇಕಾದವರು ಬರೆಯುವವರು. ನಾನು ವರ್ಗವಾಗಿ ಬಂದುಬಿಟ್ಟೆ, ಅವರು ಅಲ್ಲೇ ಇರಬೇಕಲ್ಲ. 2016ರ ಮೇ ತಿಂಗಳಲ್ಲಿ ಸಿವಾನ್ ಜಿಲ್ಲೆಯಲ್ಲಿ 'ಹಿಂದುಸ್ತಾನ್' ಪತ್ರಿಕೆಯ ಬ್ಯೂರೋ ಚೀಫ್ ರಾಜ್‌ದೇವ್ ರಂಜನ್ ಅವರನ್ನು ಸಂಜೆ ಹೊತ್ತು ಗುಂಡಿಟ್ಟು ಕೊಂದರು. ಆ ಸುದ್ದಿ ಓದಿದ ದಿನ ಔಷಧಿ ಅಂಗಡಿಗೆ ಫೋನ್ ಹಚ್ಚಿದೆ. ಗೆಳೆಯನ ಮಗ ಎತ್ತಿಕೊಂಡ. ಅಪ್ಪ ಬರೆಯೋದು ಬಿಟ್ಟು ಬಹಳ ದಿನ ಆಯಿತು ಅಂದ.

ಪ್ರ: ಈ ಕಥೆಯಲ್ಲೆಲ್ಲ ಗಂಡಸರೇ ಇದ್ದಾರಲ್ಲ?
— ಶಿಕ್ಷಕಿ, ಕೊಪ್ಪಳ

ಉ: ಸರಿಯಾಗಿ ಹಿಡಿದಿರಿ. ಹಾಗಾದರೆ ಚಂಪಾರಣ್ ಬಿಟ್ಟು ಉತ್ತರ ಪ್ರದೇಶದ ಚಿತ್ರಕೂಟಕ್ಕೆ ಬನ್ನಿ. ಅಲ್ಲಿ 2002ರಲ್ಲಿ ಹಳ್ಳಿಯ ಹೆಂಗಸರು 'ಖಬರ್ ಲಹರಿಯಾ' ಅನ್ನುವ ಪತ್ರಿಕೆ ತೆಗೆದರು. ಬಹಳಷ್ಟು ಜನ ದಲಿತರು. ಪಟ್ಟಣದ ಹಿಂದಿಯಲ್ಲಿ ಅಲ್ಲ, ತಮ್ಮ ಬುಂದೇಲಿ ಮಾತಿನಲ್ಲಿ. ಸುದ್ದಿ ತರುವುದು, ಬರೆಯುವುದು, ಹಳ್ಳಿಹಳ್ಳಿಗೆ ಹೊತ್ತು ಮಾರುವುದು, ಎಲ್ಲ ಅವರೇ. 2009ರಲ್ಲಿ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ಬಂತು. ಆಮೇಲೆ ಕಾಗದ ಬಿಟ್ಟು ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದರು. ಅವರ ಸುದ್ದಿ ಈಗ ಜಿಲ್ಲೆಯ ಗಡಿ ದಾಟುತ್ತದೆ. ಚಂಪಾರಣಿನಲ್ಲೂ ಜನ ಮನೆಯಲ್ಲಿ ಆಡುವುದು ಭೋಜಪುರಿ. ಪತ್ರಿಕೆಯ ಹಿಂದಿ ಅವರಿಗೂ ಅಂಗಿ ತೊಟ್ಟುಕೊಂಡು ಆಡುವ ಮಾತು.

ಪ್ರ: ಹಳೆಯ ಪತ್ರಿಕೆಗಳನ್ನು ಓದಿ ಒಂದು ಜಿಲ್ಲೆಯ ಇತಿಹಾಸ ಬರೆಯಬಹುದೇ? ನಾನು ನಮ್ಮ ತಾಲ್ಲೂಕಿನ ಬಗ್ಗೆ ಬರೆಯಲು ಹೊರಟಿದ್ದೇನೆ.
— ಕೃಷಿಕ, ಧಾರವಾಡ ಜಿಲ್ಲೆ

ಉ: ಬರೆಯಿರಿ, ಆದರೆ ಪತ್ರಿಕೆಯೊಂದನ್ನೇ ನಂಬಬೇಡಿ. ಕಂದಾಯದ ಕಾಗದ ನೋಡಿ. ನಮ್ಮ ಕಡೆಯ ಹಳೇ ದಾಖಲೆ ಮೋಡಿ ಲಿಪಿಯಲ್ಲಿದ್ದು ಓದುವವರು ಸಿಗುವುದಿಲ್ಲ, ಅಲ್ವಾ? ಬಿಹಾರದಲ್ಲೂ ಅದೇ ಪಾಡು. ಅಲ್ಲಿನ ಹಳೇ ಭೂಮಿಯ ಕಾಗದ ಬಹುಪಾಲು ಕೈಥಿ ಲಿಪಿಯಲ್ಲಿ. 2024ರಲ್ಲಿ ಬಿಹಾರ ಸರ್ಕಾರ ಬೇತಿಯಾ ರಾಜಮನೆತನದ ಸುಮಾರು 15 ಸಾವಿರ ಎಕರೆ ಭೂಮಿಯನ್ನು ತನ್ನ ವಶಕ್ಕೆ ತೆಗೆದುಕೊಳ್ಳಲು ಕಾಯ್ದೆ ಮಾಡಿತು. ಅದರ ಮೇಲೆ ಮನೆ ಕಟ್ಟಿಕೊಂಡವರು ಎಷ್ಟೋ ಜನ. ಅವರೆಲ್ಲ ಈಗ ಹಳೇ ಕಾಗದ ಓದುವವರನ್ನು ಹುಡುಕಬೇಕು.

1988ರಲ್ಲಿ ಒಬ್ಬ ರೈತ ಪಂಪ್‌ಸೆಟ್ ಸಾಲಕ್ಕೆ ಅಂತ ಅಜ್ಜನ ಕಾಲದ ಕಾಗದ ತಂದಿದ್ದ. ಕೈಥಿ. ನಮಗೆ ಒಂದಕ್ಷರ ಗೊತ್ತಾಗಲಿಲ್ಲ. ಔಷಧಿ ಅಂಗಡಿಯ ಗೆಳೆಯ ಒಬ್ಬ ಮುದುಕ ಪಟವಾರಿಯನ್ನು, ಅಂದರೆ ನಮ್ಮ ಶಾನುಭೋಗನಂಥವನನ್ನು, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಮುದುಕ ಕನ್ನಡಕ ಒರೆಸಿಕೊಂಡು ರಾಗವಾಗಿ ಓದಿದ. ಇಷ್ಟು ಬಿಘಾ, ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಮಾವಿನ ತೋಪು. ನಡುವೆ ಒಂದು ಕಡೆ ನಿಂತ. ಈ ಮೂರು ಕಠ್ಠಾ ತುಂಡಿಗೆ ಇವರ ಮನೆಯಲ್ಲಿ ಏನಂತಾರೆ ಕೇಳಿ ಅಂದ. 'ನಿಲಹಾ ಖೇತ್' ಅಂದ ರೈತ. ನೀಲಿಯ ಹೊಲ. ಅದರಲ್ಲಿ ಈಗ ಕಬ್ಬು ಬೆಳೆಯುತ್ತಿದ್ದ. ಹೆಸರು ಯಾಕೆ ಹಾಗೆ ಅಂತ ಅವನಿಗೂ ಗೊತ್ತಿತ್ತು, ಅಜ್ಜ ತಾವಾನ್ ಕಟ್ಟಲು ಎತ್ತು ಮಾರಿದ್ದೂ ಗೊತ್ತಿತ್ತು.

ನನಗೆ ರೋಮಾಂಚನ. ಗೆಳೆಯನಿಗೆ, ಇವತ್ತೇ ಇದನ್ನು ಬರೆದು ಪಟ್ನಾಕ್ಕೆ ಕಳಿಸು ಮಾರಾಯಾ ಅಂದೆ. ಅವನು ಸೈಕಲ್ ತಿರುಗಿಸಿ, ಮುದುಕನನ್ನು ಹತ್ತಿಸಿಕೊಳ್ಳುತ್ತ ನಕ್ಕ.

'ಇದರಲ್ಲಿ ಸುದ್ದಿ ಏನಿದೆ ಸಾಹೇಬ್? ಇದು ಇಲ್ಲಿ ಎಲ್ಲರಿಗೂ ಗೊತ್ತಲ್ಲ.'